ಏಕಮುಖ ಸಂಚಾರ

ದೇವರಿಗೂ ವಾಹನವಿಲ್ಲದೆ ನಡೆಯದು. ನಂಜನಗೂಡಿನ ಶ್ರೀಕಂಠೇಶ್ವರನಿಗೆ ನಂದಿಯುಂಟು. ಆತನ ಮಗ ಗಣಪತಿಗೆ ಇಲಿಯುಂಟು. ಹೀಗಿರುವಾಗ ಅದೇ ಊರಿನಿಂದ ಮೈಸೂರಿನ ಕಚೇರಿಗೆ ದಿನವೂ ಸುಮಾರು 25 ಕಿಲೋಮೀಟರ್ ಹೋಗಿ, ಅಷ್ಟೇ ದೂರ ಹಿಂದಿರುಗಬೇಕಾದ ಗುಮಾಸ್ತರೊಬ್ಬರು ಮೋಟಾರು ಸೈಕಲ್ಲನ್ನು ನೆಚ್ಚಿಕೊಂಡರೆ ತಪ್ಪೇನು? ಮೈಸೂರು ಸೀಮೆಗೂ ಆ ವಾಹನಕ್ಕೂ ಹಳೆಯ ನಂಟು. ಯಾದವಗಿರಿಯ ಕಾರ್ಖಾನೆಯಲ್ಲಿ 1996ರವರೆಗೆ ಜಾವಾ, ಯೆಜ್ದಿಗಳು ತಯಾರಾಗುತ್ತಿದ್ದವು. ಗುಮಾಸ್ತರ ತಂದೆಯವರ ಜಾವಾ ಬೀದಿಯ ತಿರುವಿನಲ್ಲಿ ಸದ್ದು ಮಾಡಿದೊಡನೆ ಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದರಂತೆ.

ಆದರೆ ಪಟ್ಟಣದ ರಸ್ತೆಗಳು ತುಂಬಿದಂತೆಲ್ಲ ಕಟ್ಟಳೆಗಳೂ ಬೆಳೆಯಲೇಬೇಕು. ಲಂಡನ್ನಿನಲ್ಲಿ 2003ರ ಫೆಬ್ರವರಿ 17ರಿಂದ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ಸುಂಕ ವಿಧಿಸಿದಾಗ ಮೋಟಾರು ಸೈಕಲ್ಲುಗಳಿಗೆ ವಿನಾಯಿತಿ ದೊರೆಯಿತು. ನಮ್ಮ ನಾಡಿನಲ್ಲಾದರೋ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಕಾರು ಹೋಗಬಹುದು, ಮೋಟಾರು ಸೈಕಲ್ಲು ಹೋಗಕೂಡದು. ಪ್ರಾಣರಕ್ಷಣೆಯ ದೃಷ್ಟಿಯಿಂದ ಮಾಡಿದ ಕಟ್ಟಳೆ ಅದು. ಸವಾರರು ಗೊಣಗಿದರು, ಗೊಣಗುತ್ತಲೇ ಪಕ್ಕದ ಸರ್ವಿಸ್ ರಸ್ತೆಗೆ ಇಳಿದರು. ಒಂದು ಹಾದಿ ಮುಚ್ಚಿದರೆ ಸವಾರನು ಮನೆಯಲ್ಲಿ ಕೂರುವುದಿಲ್ಲ. ಮಗ್ಗುಲ ಓಣಿಯನ್ನು ಹುಡುಕುತ್ತಾನೆ.

ಗುಮಾಸ್ತರೂ ಹಾಗೆಯೇ ಹುಡುಕಿದವರು. ದಸರಾ ಬಂತೆಂದರೆ ಮೈಸೂರಿನಲ್ಲಿ ಅರಮನೆಯ ಸುತ್ತಮುತ್ತ ಏಕಮುಖ ಸಂಚಾರ. ಅಂಥದೊಂದು ಸಂಜೆ ಮಡದಿಯನ್ನು ಹಿಂದೆ ಕೂರಿಸಿಕೊಂಡು ಓಣಿಯೊಂದರಲ್ಲಿ ಎದುರು ದಿಕ್ಕಿನಿಂದ ನುಸುಳಿದರು. ಓಣಿಯ ಕೊನೆಯಲ್ಲಿ ಪೊಲೀಸಿನವನು ನಿಂತಿದ್ದ. ದಂಡ ತೆತ್ತದ್ದಾಯಿತು. “ಅಂಬಾರಿಯ ಮೆರವಣಿಗೆ ನೋಡೋಣವೆಂದು ಬಂದೆ, ನಿಮ್ಮ ಮೆರವಣಿಗೆಯೇ ಆಯಿತು” ಎಂದಳು ಆಕೆ.

ಅಂದಿನಿಂದ ಗುಮಾಸ್ತರು ರೈಲು ಹಿಡಿದರು. ಚಾಮರಾಜಪುರಂ ನಿಲ್ದಾಣದಲ್ಲಿ ಇಳಿದು ನಡೆದರೆ ಕಚೇರಿ. ಪೆಟ್ರೋಲಿನ ಖರ್ಚಿಲ್ಲ, ಬೆನ್ನುನೋವಿಲ್ಲ. ಆದರೆ ಚಟ ಬಿಟ್ಟವರಿಗೆಲ್ಲ ಅಂಟುವ ಮತ್ತೊಂದು ಚಟ ಅವರಿಗೂ ಅಂಟಿತು: ಉಪದೇಶ.

ಅದಕ್ಕೆ ಸಿಕ್ಕಿದವನು ಭಾವಮೈದುನ. ಅವನ ಮನೆ ತಿರುಮಕೂಡಲು ನರಸೀಪುರದಾಚೆಯ ಹಳ್ಳಿಯಲ್ಲಿ; ಕೆಲಸ ಮೈಸೂರಿನಲ್ಲಿ. ಒಂದು ಭಾನುವಾರ ಊಟಕ್ಕೆ ಕುಳಿತಾಗ ಗುಮಾಸ್ತರು ತೊಡಗಿದರು: “ನೀನೂ ಆ ಗಾಡಿ ಬಿಟ್ಟು ಬಸ್ಸಿನಲ್ಲಿ ಹೋಗಬಾರದೇ? ಪಟ್ಟಣದ ಮೇಲಿನ ಭಾರ ಅಷ್ಟಾದರೂ ಇಳಿದೀತು.”

ಅವನು ತಲೆಯೆತ್ತಲಿಲ್ಲ. “ಭಾವ, ನಿಮ್ಮೂರಿಗೆ ರೈಲಿದೆ. ನಮ್ಮಲ್ಲಿ ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಮೂರೂ ಬಂದು ಕೂಡುತ್ತವೆ. ರೈಲಿನ ಹಳಿ ಮಾತ್ರ ಬಂದು ಕೂಡಲಿಲ್ಲ. ಬಸ್ಸೇನೋ ಪೇಟೆಯವರೆಗೆ ತಂದು ಬಿಡುತ್ತದೆ. ಅಲ್ಲಿಂದ ಹಳ್ಳಿಗೆ ಕತ್ತಲಲ್ಲಿ ಏನಿದೆ? ಅಪ್ಪನಿಗೆ ರಾತ್ರಿ ಎಂಟಕ್ಕೆ ಇನ್ಸುಲಿನ್ ಚುಚ್ಚುವವನು ನಾನೊಬ್ಬನೇ.”

ಹುಳಿ ಬಡಿಸುತ್ತಿದ್ದ ಅಕ್ಕನ ಕೈ ನಿಂತಿತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲ. ಆಕೆ ಹಗಲಿನಲ್ಲಿ ಹೋಗಿ ತಂದೆಯನ್ನು ನೋಡಿ ಬರುತ್ತಿದ್ದಳು. ರಾತ್ರಿ ಎಂಟರ ವಿಷಯ ಆಕೆಗೂ ಹೊಳೆದಿರಲಿಲ್ಲ.

ಗುಮಾಸ್ತರು ಮಜ್ಜಿಗೆಯ ಅನ್ನವನ್ನು ಮೌನವಾಗಿ ಮುಗಿಸಿದರು. ಮರುವಾರ ನರಸೀಪುರಕ್ಕೆ ಹೋಗಿ, ಬಸ್ ನಿಲ್ದಾಣದ ಬಳಿ ಅಂಗಡಿಯಿಟ್ಟಿದ್ದ ಹಳೆಯ ಪರಿಚಯದವರನ್ನು ಕಂಡು, ಹಿತ್ತಿಲಲ್ಲಿ ಒಂದು ಗಾಡಿಯಷ್ಟು ಜಾಗ ಕೇಳಿ ಬಂದರು. ಹಳ್ಳಿಯಿಂದ ಪೇಟೆಗೆ ಮೋಟಾರು ಸೈಕಲ್ಲು. ಪೇಟೆಯಿಂದ ಮೈಸೂರಿಗೆ ಬಸ್ಸು. ಆ ವರ್ಷದ ದಸರಾ ದಿನಗಳಲ್ಲಿ ಭಾವಮೈದುನ ಹಾಗೆಯೇ ಓಡಾಡಿದ. ಒಂದು ದಿನವೂ ಎಂಟು ಗಂಟೆ ಮೀರಲಿಲ್ಲ. ಹಬ್ಬ ಕಳೆದ ಮೇಲೂ ವಾರದಲ್ಲಿ ಎರಡು ದಿನ ಬಸ್ಸು, ಉಳಿದ ದಿನ ಹಳೆಯ ಹಾದಿಯೇ.

“ಇನ್ನುಳಿದ ದಿನಗಳೂ…” ಎಂದು ಗುಮಾಸ್ತರು ಒಮ್ಮೆ ಬಾಯಿ ತೆರೆದರು. ಮಡದಿ ಅವರ ಮುಖ ನೋಡಿದಳು. ಏಕಮುಖ ಸಂಚಾರ ರಸ್ತೆಗೆ ಸರಿ, ಮಾತಿಗೆ ಸಲ್ಲದು ಎಂಬುದು ನೆನಪಾಗಿ, ಅವರು ಮಾವನವರ ಆರೋಗ್ಯವನ್ನು ವಿಚಾರಿಸಿದರು.