ಕಾಲುವೆಯ ದಂಡೆಯ ಕಾಫಿಯಂತ್ರ

ಮಿಲಾನ್ ನಗರಕ್ಕೆ ಹೋದವರು ಮೊದಲು ಕಾಣಬಯಸುವುದು ಅಲ್ಲಿಯ ಮಹಾ ಇಗರ್ಜಿಯನ್ನು. ನೂರಕ್ಕೂ ಮಿಕ್ಕ ಶಿಖರಗಳ, ನಸುಗೆಂಪು ಛಾಯೆಯ ಆ ಅಮೃತಶಿಲೆಯ ಭವನದ ಮುಂದೆ ನಿಂತಾಗ, ಸಮತಟ್ಟಾದ ಈ ಬಯಲಿಗೆ ಇಷ್ಟೊಂದು ಕಲ್ಲು ಎಲ್ಲಿಂದ ಬಂದಿತೆಂಬ ಅಚ್ಚರಿ ಹುಟ್ಟದಿರದು. ಅದು ಬಂದದ್ದು ನೀರಿನ ಮೇಲೆ. ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿರುವ ಕಾಂದೋಲಿಯಾ ಗಣಿಯಲ್ಲಿ ಒಡೆದ ಕಲ್ಲು ಮಾಜ್ಜೋರೆ ಸರೋವರವನ್ನು ದಾಟಿ, ತಿಚೀನೊ ನದಿಯಲ್ಲಿ ತೇಲಿ, ನಾವೀಲಿಯೊ ಗ್ರಾಂದೆ ಎಂಬ ಹಿರಿಯ ಕಾಲುವೆಯ ಮೂಲಕ ನಗರವನ್ನು ಸೇರುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ತೋಡಲಾರಂಭಿಸಿದ ಈ ಕಾಲುವೆಯಲ್ಲಿ ನೀರು ಇಂದಿಗೂ ಹರಿಯುತ್ತಿದೆ. ಅದರ ದಂಡೆಯ ಒಂದು ಚಿಕ್ಕ ಊರಿನಿಂದ, ಬಹುಕಾಲದ ಅನಂತರ, ಕಲ್ಲಿಗಿಂತ ಹಗುರವಾದ ಮತ್ತೊಂದು ಸರಕು ಜಗತ್ತಿನ ಅಡಿಗೆಮನೆಗಳಿಗೆ ಹೊರಟಿತು. ಅದು ಕಾಫಿ ಮಾಡುವ ಯಂತ್ರ.

ಮಿಲಾನಿನ ಬೆಳಗು ಆರಂಭವಾಗುವುದೇ ಕಾಫಿಯಿಂದ. ಬೀದಿಗೊಂದು ಬಾರ್ ಇದೆ. ಬಾರ್ ಎಂದೊಡನೆ ನಮ್ಮ ಹಿರಿಯರು ಹುಬ್ಬೇರಿಸಬೇಕಾಗಿಲ್ಲ. ಇಟಲಿಯವರ ಮಾತಿನಲ್ಲಿ ಅದು ಕಾಫಿಯ ಅಂಗಡಿ. ಕಚೇರಿಗೆ ಧಾವಿಸುವ ಗುಮಾಸ್ತ, ಶಾಲೆಗೆ ಮಗುವನ್ನು ಬಿಟ್ಟು ಬಂದ ತಾಯಿ, ಪತ್ರಿಕೆಯನ್ನು ಕಂಕುಳಲ್ಲಿರಿಸಿದ ನಿವೃತ್ತರು—ಎಲ್ಲರೂ ಕಟ್ಟೆಗೆ ಒರಗಿ ನಿಂತೇ ಕುಡಿಯುತ್ತಾರೆ. ಕುಳಿತರೆ ಹೆಚ್ಚು ಹಣ ತೆರಬೇಕು. ಬಟ್ಟಲಿನಲ್ಲಿ ಇರುವುದೆಷ್ಟು? ನಮ್ಮ ಕಣ್ಣಿಗೆ ಎರಡು ಉದ್ಧರಣೆಯಷ್ಟು! ಆದರೆ ಅದರ ಮೇಲೆ ಕಂದುಬಣ್ಣದ, ರೇಷ್ಮೆಯಂತೆ ನುಣುಪಾದ ನೊರೆಯೊಂದು ಹಾಸಿಕೊಂಡಿರುತ್ತದೆ. ಎರಡು ಗುಟುಕು, ಒಂದು ನಮಸ್ಕಾರ, ಗಿರಾಕಿ ಬೀದಿಯಲ್ಲಿರುತ್ತಾನೆ.

ಈ ನೊರೆಗೆ ಒಂದು ಇತಿಹಾಸವಿದೆ. ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ 1884ರಲ್ಲಿ ಟೂರಿನ್ ನಗರದ ಆಂಜೆಲೊ ಮೋರಿಯೋಂದೊ ಹಕ್ಕುಪತ್ರ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಅದನ್ನು ಸುಧಾರಿಸಿ, ಒಬ್ಬೊಬ್ಬ ಗಿರಾಕಿಗೆ ಒಂದೊಂದೇ ಬಟ್ಟಲನ್ನು ಆಗಿಂದಾಗಲೇ ಇಳಿಸಿಕೊಡುವ ಏರ್ಪಾಟು ಮಾಡಿದ. ಆದರೆ ಹಬೆಯ ಒತ್ತಡ ಅಲ್ಪ. ಅದರ ಕಾವೋ ವಿಪರೀತ. ಕಾಫಿಗೆ ಸುಟ್ಟ ವಾಸನೆ ತಪ್ಪುತ್ತಿರಲಿಲ್ಲ. ವಿಯಾಲೆ ಪ್ರೆಮುದಾ ಬೀದಿಯಲ್ಲಿ ಬಾರ್ ನಡೆಸುತ್ತಿದ್ದ ಅಖಿಲ್ಲೆ ಗಾಜ್ಜಾ ಎಂಬಾತ ಹಬೆಯನ್ನೇ ಬಿಟ್ಟು ನೀರನ್ನು ಕೊಂತದಿಂದ ತಳ್ಳುವ ಉಪಾಯಕ್ಕೆ 1938ರಲ್ಲಿ ಹಕ್ಕುಪತ್ರ ಕೋರಿದ. ನಡುವೆ ಯುದ್ಧ ಬಂದಿತು. ಯುದ್ಧ ಮುಗಿದ ಬಳಿಕ ಆತ ಹೊರತಂದ ಯಂತ್ರದಲ್ಲಿ ಸನ್ನೆಯೊಂದನ್ನು ಎಳೆದರೆ ಒಳಗಿನ ಸ್ಪ್ರಿಂಗು ಬಿಗಿಯುತ್ತಿತ್ತು. ಬಿಟ್ಟೊಡನೆ ಅದು ಸಡಿಲುತ್ತ ಬಿಸಿನೀರನ್ನು ವಾಯುಮಂಡಲದ ಒಂಬತ್ತರಷ್ಟು ಒತ್ತಡದಿಂದ ಪುಡಿಯ ಮೂಲಕ ನೂಕುತ್ತಿತ್ತು. ಬಟ್ಟಲಿನ ಮೇಲೆ ನೊರೆ ಕಟ್ಟಿತು. ಇದೇನು ಕಲ್ಮಷವೆಂದು ಗಿರಾಕಿಗಳು ಸಂಶಯಪಟ್ಟರಂತೆ. ಗಾಜ್ಜಾ ಅದನ್ನೇ ‘ಕಾಫಿಯ ಸಹಜವಾದ ಕೆನೆ’ ಎಂದು ಸಾರಿ ಮಾರಿದ. ವ್ಯಾಪಾರದ ಜಾಣ್ಮೆ ಎಂದರೆ ಅದು.

ನಗರದ ನೈಋತ್ಯಕ್ಕೆ, ಪೋರ್ತಾ ತಿಚಿನೇಸೆ ಹೆಬ್ಬಾಗಿಲ ಬಳಿಯ ದಾರ್ಸೆನಾ ಎಂಬ ಕೊಳದಿಂದ ನಾವೀಲಿಯೊ ಗ್ರಾಂದೆಯ ದಂಡೆಯನ್ನು ಹಿಡಿದು ಹೊರಟರೆ ಮೊದಮೊದಲು ಜನಜಂಗುಳಿ, ಚಿತ್ರಕಾರರ ಅಂಗಡಿಗಳು, ಊಟದ ಮೇಜುಗಳು. ಬರಬರುತ್ತ ಗದ್ದಲ ಅಡಗುತ್ತದೆ. ಇಕ್ಕೆಲದಲ್ಲಿ ಬತ್ತದ ಗದ್ದೆಗಳೂ ಮುಸುಕಿನ ಜೋಳದ ಹೊಲಗಳೂ ತೆರೆದುಕೊಳ್ಳುತ್ತವೆ. ಹಿಂದೆ ದೋಣಿಗಳನ್ನು ಕುದುರೆಗಳು ಎಳೆದು ನಡೆಯುತ್ತಿದ್ದ ದಾರಿ ಇಂದು ಸೈಕಲ್ ಸವಾರರದಾಗಿದೆ. ಅಬ್ಬಿಯಾತೆಗ್ರಾಸ್ಸೊ ಪಟ್ಟಣದ ಬಳಿ ಉತ್ತರಕ್ಕೆ ಹೊರಳಿ ಕೆಲವು ಮೈಲಿ ಸಾಗಿದರೆ ರೋಬೆಕ್ಕೊ ಸುಲ್ ನಾವೀಲಿಯೊ. ಮಿಲಾನಿನ ಸಿರಿವಂತರು ಬೇಸಗೆಯನ್ನು ಕಳೆಯಲು ದೋಣಿಯಲ್ಲಿ ಬಂದಿಳಿಯುತ್ತಿದ್ದ ಹಳೆಯ ಬಂಗಲೆಗಳು ಇಲ್ಲಿ ನೀರಿಗೆ ಮುಖಮಾಡಿ ನಿಂತಿವೆ. ಕಮಾನಿನ ಸೇತುವೆಯ ಮೇಲೆ ನಿಂತು ನೋಡಿದರೆ ತೋಟದ ಮರಗಳ ನೆರಳು ಕಾಲುವೆಯಲ್ಲಿ ಅಲುಗುತ್ತಿರುತ್ತದೆ. ಇಂಥ ಊರಿನಲ್ಲಿ ಕಾರ್ಖಾನೆಯಿತ್ತೆಂದರೆ ನಂಬುವುದು ಕಷ್ಟ.

ಆದರೂ ಗಾಜ್ಜಾ ಕಂಪನಿಯ ಗೃಹಬಳಕೆಯ ಯಂತ್ರಗಳು ಸಿದ್ಧವಾಗುತ್ತಿದ್ದುದು ಈ ರೋಬೆಕ್ಕೊದಲ್ಲಿಯೇ. 1977ರಲ್ಲಿ ‘ಬೇಬಿ’ ಎಂಬ ಹೆಸರಿನದು ಬಂದಿತು. 1991ರಲ್ಲಿ ‘ಕ್ಲಾಸಿಕ್’ ಬಂದಿತು. ಕಂಪನಿ 1999ರಲ್ಲಿ ಸಾಯೆಕೊ ಸಂಸ್ಥೆಯ ಕೈಗೂ 2009ರಲ್ಲಿ ಫಿಲಿಪ್ಸ್ ಕೈಗೂ ಹೋಯಿತು. ಒಳಗಿನ ಬಿಡಿಭಾಗಗಳು ಹಲವು ಸಲ ಬದಲಾದವು. ಆದರೂ ಕ್ಲಾಸಿಕ್ಕಿನ ಮೂಲರೂಪ ಅಳಿಯಲಿಲ್ಲ: ಮೂರು ಗುಂಡಿಗಳು, ಹಬೆಗೊಂದು ಕೊಳವೆ, ಹಿಂದೆ ನೀರಿನ ತೊಟ್ಟಿ, ನಡುವೆ ಕೇವಲ 100 ಮಿಲಿಲೀಟರಿನಷ್ಟು ನೀರು ಹಿಡಿಯುವ ಪುಟ್ಟ ಹಂಡೆ. ಬಾರಿನಲ್ಲಿರುವ ದೊಡ್ಡ ಯಂತ್ರದಂತೆಯೇ ಇದರಲ್ಲಿಯೂ 58 ಮಿಲಿಮೀಟರ್ ಅಗಲದ ಪುಡಿಯ ಬಟ್ಟಲನ್ನು ಹಿಡಿಕೆಯಿಂದ ಸಿಕ್ಕಿಸುವುದು. ಮೊದಲ ಯಂತ್ರವನ್ನು ಕೊಳ್ಳುವವರು ಅನೇಕ ದೇಶಗಳಲ್ಲಿ ಇದನ್ನೋ ಇಂಥ ಇನ್ನೊಂದನ್ನೋ ಮನೆಗೆ ತರುತ್ತಾರೆ.

ತಂದ ಮೇಲೆ ನಡೆಯುವ ಕಥೆ ಮಿಲಾನಿನಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ. ಮೊದಲ ವಾರ ಸಂಭ್ರಮ, ನೆಂಟರಿಗೆಲ್ಲ ಆಹ್ವಾನ. ಎರಡನೆಯ ವಾರ ಯಜಮಾನರ ಮುಖ ಹುಳಿಯಾಗುತ್ತದೆ. ಏಕೆಂದರೆ ಕಾಫಿಯೂ ಹುಳಿ. ಒಮ್ಮೆ ತೆಳುನೀರು, ಇನ್ನೊಮ್ಮೆ ಕಷಾಯ. ಮೂರನೆಯ ತಿಂಗಳಿಗೆ, ತಿಂಗಳ ಸಂಬಳದಲ್ಲಿ ದೊಡ್ಡ ಪಾಲನ್ನೇ ತಿಂದ ಆ ಯಂತ್ರ ಅಟ್ಟವನ್ನೇರುತ್ತದೆ, ಗೃಹಿಣಿ ಹಳೆಯ ಫಿಲ್ಟರನ್ನೇ ಒಲೆಯ ಪಕ್ಕಕ್ಕೆ ತರುತ್ತಾಳೆ. ಇಟಲಿಯ ಮನೆಗಳಲ್ಲಿ ಫಿಲ್ಟರಿನ ಸ್ಥಾನದಲ್ಲಿರುವುದು 1933ರಲ್ಲಿ ಬಿಯಾಲೆತ್ತಿ ರೂಪಿಸಿದ ಎಂಟು ಮೂಲೆಯ ಮೋಕಾ ಪಾತ್ರೆ. ‘ಯಂತ್ರವೇ ಸರಿಯಿಲ್ಲ, ಇನ್ನೂ ಬೆಲೆಯುಳ್ಳದ್ದನ್ನು ಕೊಳ್ಳಬೇಕಿತ್ತು’ ಎಂಬುದು ಎಲ್ಲೆಡೆಯ ತೀರ್ಪು. ಈ ತೀರ್ಪು ಬಹುಮಟ್ಟಿಗೆ ಅನ್ಯಾಯವಾದುದು.

ಒತ್ತಡದಲ್ಲಿ ಚಿಕ್ಕ ಯಂತ್ರಕ್ಕೆ ಕೊರತೆಯಿಲ್ಲ. ಡಬ್ಬಿಯ ಮೇಲೆ 15 ಬಾರ್, 20 ಬಾರ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಕಾಫಿಗೆ ಬೇಕಾದದ್ದು ಒಂಬತ್ತೇ ಆದುದರಿಂದ ಆ ಬಡಾಯಿಗೆ ಮರುಳಾಗಬೇಕಾದುದಿಲ್ಲ. ಕೊರತೆ ಇರುವುದು ಕಾವಿನಲ್ಲಿ. ಮಿಲಾನಿನಿಂದ ಪಾವಿಯಾಕ್ಕೆ ಹೋಗುವ ದಾರಿಯ ಬಿನಾಸ್ಕೊ ಊರಿನಲ್ಲಿ 2012ರಿಂದ ಕಾಫಿಯಂತ್ರಗಳದೇ ಒಂದು ವಸ್ತುಸಂಗ್ರಹಾಲಯವಿದೆ. 1961ರಲ್ಲಿ ಫಾಯೆಮಾ ಸಂಸ್ಥೆ ಹೊರತಂದ ಇ-61 ಮಾದರಿಯನ್ನು ಕಂಡವರಿಗೆ ಬಾರಿನ ಗುಟ್ಟು ಹೊಳೆಯುತ್ತದೆ. ಬಟ್ಟಲು ಸಿಕ್ಕಿಸುವ ಭಾಗವೇ ಹಲವು ಕಿಲೋ ತೂಕದ ಹಿತ್ತಾಳೆ. ಅದರೊಳಗೆ ಬಿಸಿನೀರು ಸದಾ ಸುತ್ತುತ್ತಿರುತ್ತದೆ. ಮುಂಜಾನೆ ಹೊತ್ತಿದ ಆ ಕಾವು ಅಂಗಡಿ ಮುಚ್ಚುವ ತನಕ ಆರುವುದಿಲ್ಲ. ಮನೆಯ ಯಂತ್ರವಾದರೋ ಪ್ರತಿದಿನ ತಣ್ಣಗೆ ಎದ್ದೇಳಬೇಕು. ಸಿದ್ಧವೆಂದು ಸೂಚಿಸುವ ದೀಪ ಒಂದೆರಡು ನಿಮಿಷದಲ್ಲಿ ಹೊತ್ತೀತು. ಅದು ಹಂಡೆಯೊಳಗಿನ ಮಾತು. ಹಿಡಿಕೆಯ ಬಟ್ಟಲು ಇನ್ನೂ ತಣ್ಣಗೇ ಇರುತ್ತದೆ. ಸುಡುವ ನೀರು ಆ ತಣ್ಣನೆಯ ಲೋಹಕ್ಕೆ ತಗುಲಿದೊಡನೆ ಕಾವನ್ನು ಕಳೆದುಕೊಳ್ಳುತ್ತದೆ; ಬಟ್ಟಲಿಗೆ ಇಳಿಯುವುದು ಹುಳಿ.

ಆದುದರಿಂದ ಬಟ್ಟಲನ್ನು ಸಿಕ್ಕಿಸಿಯೇ ಯಂತ್ರವನ್ನು ಹೊತ್ತಿಸಿ ಇಪ್ಪತ್ತು ನಿಮಿಷ ಸುಮ್ಮನಿರುವುದು ಮೊದಲ ಕೆಲಸ. ಸ್ನಾನ ಮುಗಿಸಿ ಬರುವುದಕ್ಕೆ ಅಷ್ಟು ಹೊತ್ತು ಸರಿಹೋಗುತ್ತದೆ. ಅನಂತರ ಪುಡಿಯಿಲ್ಲದೆ ಸ್ವಲ್ಪ ಬಿಸಿನೀರನ್ನು ಹರಿಯಬಿಟ್ಟರೆ ದಾರಿಯೂ ಕಾಯುತ್ತದೆ, ಕಾಫಿಯ ಬಟ್ಟಲೂ ಬಿಸಿಯಾಗುತ್ತದೆ. ಅಗ್ಗದ ಯಂತ್ರದ ಕಾವು ಹತ್ತು ಡಿಗ್ರಿಗೂ ಮಿಕ್ಕಿ ಏರಿಳಿಯುವುದುಂಟು. ಹೀಗೆ ನೀರು ಬಿಟ್ಟಾಗ ಹಂಡೆ ಮತ್ತೆ ಕಾಯಲಾರಂಭಿಸುತ್ತದೆ. ದೀಪ ಪುನಃ ಸಿದ್ಧವೆಂದ ಕೆಲವೇ ಕ್ಷಣಗಳಲ್ಲಿ ಕಾಫಿ ಇಳಿಸಿದರೆ, ದಿನದಿನವೂ ಅದೇ ಕ್ಷಣವನ್ನು ಹಿಡಿದರೆ, ಕಾವು ದಿನದಿನವೂ ಒಂದೇ ಆಗುತ್ತದೆ. ಉಷ್ಣಮಾಪಕಕ್ಕೆ ಹಣ ಸುರಿಯದೆಯೇ ಆಗುವ ಕೆಲಸವಿದು.

ಇನ್ನು ಬೀಸುವ ಮಾತು. ಎಲ್ಲಕ್ಕಿಂತ ದೊಡ್ಡ ಮಾತು ಇದೇ. ಬಾರಿನಲ್ಲಿ ಯಂತ್ರದ ಮಗ್ಗುಲಲ್ಲೇ ಬೀಜ ಬೀಸುವ ಮಿಷನ್ನು ನಿಂತಿರುವುದನ್ನು ಪ್ರವಾಸಿಗಳು ಗಮನಿಸುವುದಿಲ್ಲ. ಕಾಫಿ ಮಾಡುವಾತ ಹವೆಯ ತೇವವನ್ನೂ ಬೀಜದ ವಯಸ್ಸನ್ನೂ ನೋಡಿಕೊಂಡು ದಿನಕ್ಕೆ ಹಲವು ಬಾರಿ ಅದರ ತಿರುಪನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತಾನೆ. ಮನೆಯಲ್ಲಿ ಯಂತ್ರಕ್ಕೆ ಹಣವೆಲ್ಲ ಮುಗಿದಿರುತ್ತದೆ. ಪುಡಿ ಅಂಗಡಿಯಿಂದ ಬರುತ್ತದೆ. ಫಿಲ್ಟರಿಗೆಂದು ಬೀಸಿದ ಪುಡಿ ಇದಕ್ಕೆ ತರಿಯಾಯಿತು. ಅದರಲ್ಲಿ ಚಿಕೋರಿಯಿದ್ದರೆ ನೀರು ದಾರಿ ಕಾಣದೆ ಕಟ್ಟಿಕೊಳ್ಳುವುದೂ ಉಂಟು. ನಮ್ಮ ಮೈಸೂರಿನ ಕಡೆಯ ಹಳೆಯ ಮನೆಗಳಲ್ಲಿ ಮೇಜಿನ ಅಂಚಿಗೆ ಕಚ್ಚಿಸಿದ ಕೈಮಿಷನ್ನಿನಲ್ಲಿ ಅಂದಂದಿಗೆ ಬೇಕಾದಷ್ಟು ಬೀಜವನ್ನು ಬೀಸಿಕೊಳ್ಳುತ್ತಿದ್ದರಲ್ಲವೆ? ಆ ಅಜ್ಜಿಯರು ಎಸ್ಪ್ರೆಸೊವನ್ನು ಕಾಣದಿದ್ದರೂ ಅದರ ಅರ್ಧ ಗುಟ್ಟನ್ನು ಬಲ್ಲವರಾಗಿದ್ದರು. ಇಂದು ನುಣ್ಣಗೆ ಬೀಸಬಲ್ಲ ಒಳ್ಳೆಯ ಕೈಮಿಷನ್ನು ದೊರೆಯುತ್ತದೆ. ಕೈಯಲ್ಲಿರುವ ಹಣವನ್ನು ಯಂತ್ರಕ್ಕೂ ಮಿಷನ್ನಿಗೂ ಹಂಚಿಕೊಂಡವನು, ಎಲ್ಲವನ್ನೂ ಯಂತ್ರಕ್ಕೇ ಸುರಿದವನಿಗಿಂತ ಒಳ್ಳೆಯ ಕಾಫಿ ಕುಡಿಯುತ್ತಾನೆ.

ಅಳತೆಗೆ ಇಟಲಿಯವರದೇ ಒಂದು ಕಟ್ಟಳೆಯಿದೆ. 1998ರಲ್ಲಿ ಸ್ಥಾಪಿತವಾದ ಅಲ್ಲಿಯ ಎಸ್ಪ್ರೆಸೊ ಸಂಸ್ಥೆ ಒಂದು ಬಟ್ಟಲಿಗೆ 7 ಗ್ರಾಂ ಪುಡಿ, 25 ಸೆಕೆಂಡು, 25 ಮಿಲಿಲೀಟರ್ ಎಂದು ವಿಧಿಸಿದೆ. ಮನೆಯಲ್ಲಿ ಎರಡು ಬಟ್ಟಲಿನ ಜರಡಿಯೇ ಮೇಲು. ಚಿಕ್ಕದು ಕೈಗೆ ಬಗ್ಗುವುದಿಲ್ಲ. ಸಣ್ಣ ತಕ್ಕಡಿಯಲ್ಲಿ 16 ಗ್ರಾಂ ಪುಡಿ ತೂಗಿ, ಗಂಟುಗಳನ್ನು ತೆಳ್ಳನೆಯ ಸೂಜಿಯಿಂದ ಕೆದಕಿ, ಸಮನಾಗಿ ಹರಡಿ, ನೇರವಾಗಿ ಅದುಮಬೇಕು. ಭೀಮಬಲ ಬೇಡ; ಓರೆಯಾಗದಿದ್ದರೆ ಸಾಕು. ಓರೆಯಾದ ಕಡೆ ನೀರು ಒಳದಾರಿ ಮಾಡಿಕೊಂಡು ಓಡಿಬಿಡುತ್ತದೆ. 32ರಿಂದ 36 ಗ್ರಾಂ ಕಾಫಿ ಇಳಿಯಲು 25ರಿಂದ 30 ಸೆಕೆಂಡು ಹಿಡಿದರೆ ದಾರಿ ಸರಿಯಿದೆಯೆಂದರ್ಥ. ಹನ್ನೆರಡೇ ಸೆಕೆಂಡಿನಲ್ಲಿ ಸುರಿದರೆ ಪುಡಿ ಇನ್ನೂ ನುಣ್ಣಗಾಗಬೇಕು. ಐವತ್ತು ಸೆಕೆಂಡು ತೊಟ್ಟಿಕ್ಕಿದರೆ ತುಸು ತರಿಯಾಗಬೇಕು. ಪುಡಿಯ ತೂಕ, ಕಾವು, ತಿರುಪು ಮೂರನ್ನೂ ಒಟ್ಟಿಗೆ ಬದಲಿಸುವವರು ಯಾವುದರಿಂದ ಕೆಟ್ಟಿತೆಂದು ಎಂದಿಗೂ ತಿಳಿಯಲಾರರು. ದಿನಕ್ಕೊಂದು ಬದಲಾವಣೆ ಸಾಕು, ಕೊನೆಯ ತೀರ್ಪು ನಾಲಿಗೆಯದು.

ಯಂತ್ರದೊಡನೆ ಬರುವ ಜರಡಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ತಳದಲ್ಲಿ ಒಂದೇ ಸೂಜಿರಂಧ್ರ ಕಂಡರೆ ಅದು ಎರಡು ತಳದ್ದು. ಎಂಥ ಪುಡಿಯಿಂದಲೂ ನೊರೆ ಬರಿಸುವುದು ಅದರ ಕೆಲಸ. ನೊರೆ ಬರುತ್ತದೆ, ರುಚಿ ಬರುವುದಿಲ್ಲ. ತಳವೆಲ್ಲ ತೂತಿರುವ ಸಾದಾ ಜರಡಿಯನ್ನು ಬೇರೆಯಾಗಿ ಕೊಳ್ಳಬಹುದು, ಬೆಲೆಯೂ ಹೆಚ್ಚಲ್ಲ. ಆದರೆ ಒಳ್ಳೆಯ ಮಿಷನ್ನಿಲ್ಲದವರು ಅದಕ್ಕೆ ಕೈಹಾಕದಿರುವುದೇ ಮೇಲು.

ನಿಜವಾದ ನೊರೆ ಬರುವುದು ಬೀಜದಿಂದ. ಹುರಿದು ಒಂದೆರಡು ವಾರ ಕಳೆದ ಬೀಜದಲ್ಲಿ ಅನಿಲ ಇನ್ನೂ ಉಳಿದಿರುತ್ತದೆ; ನೊರೆಯ ಜೀವಾಳ ಅದೇ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕುಳಿತ ಬೀಜದಿಂದ ಯಾವ ಯಂತ್ರವೂ ಅದನ್ನು ಹೊರಡಿಸಲಾರದು. ಇಲ್ಲಿ ಕನ್ನಡಿಗರು ಹೆಮ್ಮೆಪಡಬಹುದಾದ ಒಂದು ಸಂಗತಿಯಿದೆ. ಮಿಲಾನಿನ ಬಾರುಗಳ ಮಿಶ್ರಣದಲ್ಲಿ ದಟ್ಟ ನೊರೆಗಾಗಿ ರೋಬಸ್ಟಾ ಬೀಜವನ್ನು ಬೆರೆಸುವ ವಾಡಿಕೆಯುಂಟು. ಭಾರತದ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂಚೂಣಿಯಲ್ಲಿದೆ. ಭಾರತದಲ್ಲಿ ಬೆಳೆಯುವ ಕಾಫಿಯ ಬಹುಪಾಲು ಕೊಡಗು, ಚಿಕ್ಕಮಗಳೂರು, ಹಾಸನಗಳ ತೋಟಗಳದು. ಮಂಗಳೂರಿನ ಕರಾವಳಿಯಲ್ಲಿ ಮಳೆಗಾಲದ ಗಾಳಿಗೆ ಹರಡಿ ಉಬ್ಬಿಸಿದ ‘ಮಾನ್ಸೂನ್ಡ್ ಮಲಬಾರ್’ ಬೀಜಕ್ಕೂ ಅಲ್ಲಿ ಮನ್ನಣೆಯಿದೆ. ಹೀಗಾಗಿ ಬೆಂಗಳೂರಿನ ಗೃಹಸ್ಥನು ಮಿಲಾನಿನ ರುಚಿಗಾಗಿ ವಿದೇಶದ ಡಬ್ಬಿಯನ್ನು ತರಿಸಿ, ಹಡಗಿನಲ್ಲಿ ಹೋಗಿ ಮುದಿಯಾಗಿ ಮರಳಿದ ತನ್ನದೇ ನಾಡಿನ ಬೀಜಕ್ಕೆ ಹತ್ತು ಪಾಲು ಬೆಲೆ ಕೊಟ್ಟರೂ ಕೊಟ್ಟಾನು! ಹುರಿದ ದಿನಾಂಕವನ್ನು ಚೀಟಿಯ ಮೇಲೆ ಅಚ್ಚುಮಾಡುವ ವರ್ತಕರು ಇಂದು ನಮ್ಮಲ್ಲಿಯೇ ಇದ್ದಾರೆ.

ಹಾಲಿನ ವಿಚಾರದಲ್ಲಿ ಮಿಲಾನಿಗೂ ನಮಗೂ ಭೇದವಿದೆ. ಅಲ್ಲಿ ನೊರೆಹಾಲಿನ ಕಪ್ಪುಚಿನೊ ಬೆಳಗಿನ ಪಾನೀಯ. ಮಧ್ಯಾಹ್ನದ ಊಟವಾದ ಮೇಲೆ ಅದನ್ನು ಕೇಳಿದವನು ಪರದೇಶಿಯೆಂದು ಪರಿಚಾರಕನಿಗೆ ತಿಳಿದುಹೋಗುತ್ತದೆ. ನಮ್ಮಲ್ಲಿ ಹಾಲಿಗೆ ಹೊತ್ತುಗೊತ್ತಿಲ್ಲ. ಒಂದೇ ಹಂಡೆಯ ಯಂತ್ರದಲ್ಲಿ ಕಾಫಿಯನ್ನು ಮೊದಲು ಇಳಿಸಿ ಅನಂತರ ಹಬೆಯ ಗುಂಡಿಯನ್ನೊತ್ತಬೇಕು. ಪಾತ್ರೆ ಕೈಗೆ ಸುಡುವಂತಾದೊಡನೆ ನಿಲ್ಲಿಸಬೇಕು. 65 ಡಿಗ್ರಿ ಮೀರಿದ ಹಾಲಿನ ಸವಿ ಕೆಡುತ್ತದೆ. ಕುದಿಬಂದ ಹಾಲೇ ಹಾಲೆಂದು ನಂಬಿದ ಅತ್ತೆಯವರನ್ನು ಒಪ್ಪಿಸುವುದು ಬೇರೆಯೇ ವಿದ್ಯೆ. ಹಬೆಯ ಬಳಿಕ ಹಂಡೆ ಅತಿಯಾಗಿ ಕಾದಿರುತ್ತದೆ; ಸ್ವಲ್ಪ ನೀರು ಹರಿಸಿ ತಣಿಸದೆ ಎರಡನೆಯ ಬಟ್ಟಲಿಗೆ ಕೈಹಾಕಿದರೆ ಆ ಕಾಫಿ ಸುಟ್ಟಂತೆಯೇ.

ನೀರಿನದು ಕಣ್ಣಿಗೆ ಕಾಣದ ಪೀಡೆ. ಮಿಲಾನಿನ ನಲ್ಲಿಯ ನೀರು ಭೂಗರ್ಭದಿಂದ ಬಂದದ್ದು, ಸುಣ್ಣದ ಅಂಶವುಳ್ಳದ್ದು. ಬೆಂಗಳೂರಿನ ಅನೇಕ ಬಡಾವಣೆಗಳ ಕೊಳವೆಬಾವಿಯ ನೀರಿನ ಗಡಸುತನವನ್ನು ಬಚ್ಚಲಮನೆಯ ಬಿಳಿಯ ಕಲೆಗಳೇ ಹೇಳುತ್ತವೆ. ಅದೇ ಕಲೆ ಹಂಡೆಯೊಳಗೂ ಕಟ್ಟುತ್ತದೆ. ಕಿರಿದಾದ ಕೊಳವೆ ಮುಚ್ಚಿ ಯಂತ್ರ ಸಾಯುವುದು ಬಹುಪಾಲು ಇದರಿಂದಲೇ. ಮೆದುನೀರನ್ನು ಬಳಸುವುದು, ಯಂತ್ರದ ಕೈಪಿಡಿಯಲ್ಲಿ ಹೇಳಿರುವ ಔಷಧದಿಂದ ಕೆಲವು ತಿಂಗಳಿಗೊಮ್ಮೆ ಸುಣ್ಣ ಕರಗಿಸಿ ತೊಳೆಯುವುದು, ದಿನವೂ ಬಟ್ಟಲನ್ನು ಬಿಚ್ಚಿ ಜಿಡ್ಡು ಒರೆಸುವುದು—ಇಷ್ಟನ್ನು ಮಾಡಿದ ಮನೆಗಳಲ್ಲಿ, ರೋಬೆಕ್ಕೊದ ಕಾಲುವೆಯ ಬದಿಯಿಂದ ತೊಂಬತ್ತರ ದಶಕದಲ್ಲಿ ಹೊರಟ ಯಂತ್ರಗಳು ರಬ್ಬರಿನ ಬಳೆಯೊಂದನ್ನು ಆಗಾಗ ಬದಲಿಸಿಕೊಂಡು ಇಂದಿಗೂ ಬೆಳಗಿನ ಕಾಫಿಯನ್ನು ಇಳಿಸಿಕೊಡುತ್ತಿವೆ.