ಶಿಮ್ಲಾದಲ್ಲಿ ನಮ್ಮ ಮೊದಲ ಚಳಿಗಾಲ

ಚೆನ್ನೈನಲ್ಲಿ ಒಂಬತ್ತು ವರ್ಷ ಬೆವರು ಸುರಿಸಿದ ನಮಗೆ ಶಿಮ್ಲಾಕ್ಕೆ ವರ್ಗವಾದಾಗ ಗೆಳೆಯರೆಲ್ಲ "ಪುಣ್ಯವಂತರು" ಅಂದರು. ಕಾಲ್ಕಾದಿಂದ ಪುಟ್ಟ ರೈಲು ಹತ್ತಿ, ನೂರಕ್ಕೂ ಹೆಚ್ಚಿನ ಸುರಂಗಗಳನ್ನು ಮಕ್ಕಳು ಎಣಿಸುತ್ತಿರುವಂತೆಯೇ ಅಕ್ಟೋಬರಿನಲ್ಲಿ ಬಂದಿಳಿದೆವು. ರಿಡ್ಜ್ ಮೇಲೆ ಹಿತವಾದ ಬಿಸಿಲಿತ್ತು. "ನಮ್ಮ ಮಡಿಕೇರಿ ಥರಾನೇ ಇದೆಯಲ್ಲೇ" ಅಂದರು ಅತ್ತೆ.

ಡಿಸೆಂಬರಿನಲ್ಲಿ ಮಡಿಕೇರಿ ಮಾಯವಾಯಿತು. ಚೆನ್ನೈನಲ್ಲಿ ಕೊಂಡಿದ್ದ ದಪ್ಪ ಜಾಕೆಟ್ಟುಗಳು ಸಾಲಲಿಲ್ಲ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಬೆಚ್ಚಗೆಂದು ಇಲ್ಲಿ ಕಲಿತೆವು. ಸುಮಾರು 2,200 ಮೀಟರ್ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುವುದರಿಂದ ಕುಕ್ಕರಿಲ್ಲದೆ ಬೇಳೆ ಬೇಯದು. ದೋಸೆ ಹಿಟ್ಟು ಎರಡು ದಿನ ಇಟ್ಟರೂ ಉಬ್ಬಲಿಲ್ಲ. ನಲ್ಲಿಯನ್ನು ಹನಿ ಹನಿ ಬಿಟ್ಟು ಮಲಗದಿದ್ದರೆ ಬೆಳಗ್ಗೆ ಪೈಪಿನೊಳಗೆ ನೀರು ಕಲ್ಲಾಗಿರುತ್ತಿತ್ತು.

ಜನವರಿಯಲ್ಲಿ ಹಿಮ ಬಿತ್ತು. ಮಕ್ಕಳಿಗೆ ಚಳಿಗಾಲದ ರಜೆ. ಇಡೀ ದಿನ ಹೊರಗೇ ಕುಣಿದರು. ಊರಿಗೆಲ್ಲ ಫೋಟೋ ಕಳಿಸಿದ್ದಾಯಿತು. ಸಂಜೆ ಕರೆಂಟು ಹೋಯಿತು, ಹೀಟರ್ ನಿಂತಿತು. ಮನೆ ಮಾಲೀಕರು ಬಿಟ್ಟುಹೋಗಿದ್ದ ಇದ್ದಿಲಿನ ಅಂಗೀಠಿ ಹೊತ್ತಿಸಿ, ಎಲ್ಲರೂ ಒಂದೇ ಕೋಣೆ ಸೇರಿದೆವು. ಕಿಟಕಿಯ ಸಂದಿಗೂ ಬಟ್ಟೆ ತುರುಕಿ ಬಾಗಿಲು ಹಾಕಿಕೊಂಡೆವು. ಒಳಗೆ ಬೆಚ್ಚಗಾಯಿತು, ನಿಜ. ಸ್ವಲ್ಪ ಹೊತ್ತಿಗೆ ಅತ್ತೆಗೆ ತಲೆನೋವು, ವಾಕರಿಕೆ. ಚಿಕ್ಕವಳು ಊಟಕ್ಕೆಬ್ಬಿಸಿದರೂ ಏಳಲಿಲ್ಲ. ಹಿಮದಲ್ಲಿ ಆಡಿ ದಣಿದಿದ್ದಾಳೆ ಎಂದುಕೊಂಡೆ.

ಆಗ ಮೇಣದ ಬತ್ತಿ ಕೊಡಲು ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. ಒಳಗೆ ಕಾಲಿಟ್ಟವರೇ ಬತ್ತಿ ಎಸೆದು ಕಿಟಕಿಗಳನ್ನೆಲ್ಲ ತೆರೆದರು. ಅಂಗೀಠಿಯನ್ನು ಹೊರಗೆಳೆದು, ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ ಎಂದು ಆಮೇಲೆ ಹೇಳಿದರು. ಆ ರಾತ್ರಿಯೇ ಎಲ್ಲರನ್ನೂ ಆಸ್ಪತ್ರೆಗೂ ಕರೆದೊಯ್ದರು. ಮಗಳು ಕಣ್ಣುಬಿಟ್ಟು "ಅಮ್ಮಾ, ಚಳಿ" ಅಂದಾಗ ಅದಕ್ಕಿಂತ ಒಳ್ಳೆಯ ಮಾತು ನಾನು ಕೇಳಿರಲಿಲ್ಲ.

ಚೆನ್ನೈನ ಫ್ಲಾಟಿನಲ್ಲಿ ಒಂಬತ್ತು ವರ್ಷದಲ್ಲಿ ಎದುರು ಮನೆಯವರ ಹೆಸರು ನಮಗೆ ಗೊತ್ತಿರಲಿಲ್ಲ. ಈಗ ಅತ್ತೆ ಬಿಸಿಲು ಬಂದೊಡನೆ ಪಕ್ಕದ ಮನೆಯ ಅಂಗಳದಲ್ಲಿರುತ್ತಾರೆ. ಇವರಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಸ್ವೆಟರ್ ಮಾತ್ರ ಬೆಳೆಯುತ್ತಿದೆ.

ಹಿಮದೂರಿಗೆ ಸಂಸಾರ ಸಾಗಿಸುವವರು ಉಣ್ಣೆ ಬಟ್ಟೆಯನ್ನು ಅಲ್ಲಿಯೇ ಕೊಳ್ಳಿ. ಚಳಿ ಶುರುವಾಗುವ ಮೊದಲೇ ಪಕ್ಕದ ಮನೆಯವರ ಪರಿಚಯ ಮಾಡಿಕೊಳ್ಳಿ. ಕೆಂಡ ಮಾತ್ರ ಮಲಗುವ ಕೋಣೆಗೆ ಬೇಡವೇ ಬೇಡ.