ಶ್ರಾವಕರ ಮನೆಯ ಬೆಕ್ಕು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಒಕ್ಕಲುತನದ ಮನೆಗಳಲ್ಲಿ ಬೆಕ್ಕು ಸುಳಿಯದ ಮನೆ ಅಪರೂಪ. ಭತ್ತ, ಗೋವಿನಜೋಳ, ಶೇಂಗಾ ಚೀಲಗಳು ಪಡಸಾಲೆಗೆ ಬಂದುವೆಂದರೆ ಅವುಗಳ ಹಿಂದೆ ಇಲಿ, ಇಲಿಯ ಹಿಂದೆ ಬೆಕ್ಕು. ಜೈನರ ಮನೆಗಳೂ ಇದಕ್ಕೆ ಹೊರತಲ್ಲ. ಆದರೆ ನಮ್ಮವರಲ್ಲಿ ಈ ಬಗೆಗೆ ಒಂದು ಸಂಕೋಚವುಂಟು. ಬೆಕ್ಕಿನ ಮಾತೆತ್ತಿದರೆ, "ನಾವ್ ಸಾಕಿದ್ದಲ್ರೀ, ತಾನಽ ಬಂದು ಸೇರಿಕೊಂಡೈತಿ" ಎಂದು ಮನೆಯ ಹಿರಿಯರು ಮೊದಲೇ ಹೇಳಿಬಿಡುತ್ತಾರೆ.

ಈ ಸಂಕೋಚ ನಿರಾಧಾರವಲ್ಲ. ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡಗಳನ್ನು ಹೇಳುವಾಗ ಬೆಕ್ಕು ಮೊದಲಾದವನ್ನು ಇಟ್ಟುಕೊಳ್ಳುವುದನ್ನು ಆಯುಧಗಳ ಮಾರಾಟದ ಜೊತೆಯಲ್ಲಿಯೇ ಎಣಿಸಿದೆ. ಬೆಕ್ಕು ಕೊಲ್ಲುತ್ತದೆ ಎಂದು ತಿಳಿದೇ ಅದಕ್ಕೆ ಆಶ್ರಯ ಕೊಟ್ಟರೆ ಆ ಹಿಂಸೆಯಲ್ಲಿ ನಮಗೂ ಪಾಲಿಲ್ಲವೆ? ಒಂದು ಬಸದಿಯ ಉಗ್ರಾಣದಲ್ಲಿ ಇಲಿಗಳ ಉಪದ್ರವ ಹೆಚ್ಚಿದಾಗ ಟ್ರಸ್ಟಿನ ಸಭೆಯಲ್ಲಿ ಇದೇ ಪ್ರಶ್ನೆ ಎದ್ದಿತು. ಪಾಷಾಣ ಇಡುವ ಮಾತನ್ನು ಯಾರೂ ಒಪ್ಪಲಿಲ್ಲ. ಅಂಟುಹಲಗೆಯನ್ನು ಒಬ್ಬರು ಸೂಚಿಸಿದರು. ಅದರಲ್ಲಿ ಸಿಕ್ಕ ಇಲಿ ಎರಡು ದಿನ ನರಳಿ ಸಾಯುತ್ತದೆಂದು ತಿಳಿದಾಗ ಅವರೇ ಹಿಂದೆ ಸರಿದರು. ಕೊನೆಗೆ, "ಹಾಗಿದ್ದರೆ ಒಂದು ಬೆಕ್ಕನ್ನು ತಂದು ಬಿಡೋಣ, ಕೊಲ್ಲುವುದು ಅದರ ಕರ್ಮ" ಎಂದವರೂ ಇದ್ದರು. ನನ್ನ ಅಭಿಪ್ರಾಯದಲ್ಲಿ ಇದು ಮೂರರಲ್ಲಿ ಅತ್ಯಂತ ದುರ್ಬಲವಾದ ವಾದ. ಕೊಲ್ಲಲೆಂದೇ ತಂದ ಬೆಕ್ಕು ಆಯುಧವೇ ಆಯಿತು. ಕಾರ್ತಿಕೇಯ ಸ್ವಾಮಿಗಳು ಅದನ್ನು ಆಯುಧದ ಪಕ್ಕದಲ್ಲಿ ನಿಲ್ಲಿಸಿದ್ದು ಸುಮ್ಮನೆ ಅಲ್ಲ.

ಆದರೆ ತಾನಾಗಿ ಬಂದ ಬೆಕ್ಕಿನ ವಿಚಾರ ಬೇರೆ. ಅದನ್ನು ಬಲ್ಲದೆ ಅದರೊಡನೆ ನಮ್ಮ ಕರ್ತವ್ಯವೇನೆಂದು ಹೇಳಲಾಗದು. ನನಗೆ ಈ ವಿಚಾರ ಹಿಡಿದದ್ದು ಹಿರೇಕೆರೂರಿನ ಬಂಧುಗಳ ಮನೆಯಲ್ಲಿ. ಸಂತೆಯಿಂದ ತಂದ ಒಂದು ಹೊಸ ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟಿದ್ದರು. ಮನೆಯ ಬೆಕ್ಕು ಬಾಗಿಲಲ್ಲಿಯೇ ನಿಂತಿತು. ಕಿವಿ ಎರಡೂ ಮುಂದೆ. ಬಳಿಕ ಮೈಯನ್ನು ನೆಲಕ್ಕೆ ತಗ್ಗಿಸಿ, ಕುತ್ತಿಗೆ ನೀಡಿ, ನಾಲ್ಕು ಹೆಜ್ಜೆ ಬಂದು ಎರಡು ಹೆಜ್ಜೆ ಹಿಂದೆ ಸರಿದು, ಸುತ್ತಲೂ ಮೂಸಿ, ಪಂಜದಿಂದ ಒಮ್ಮೆ ತಟ್ಟಿ, ಒಳಗಿಳಿದು ಕುಳಿತಿತು. ಹೊರಬಂದಮೇಲೆ ಬುಟ್ಟಿಯ ಅಂಚಿಗೆ ಕೆನ್ನೆ ಉಜ್ಜಿತು. ಮರುದಿನ ಅದರ ಪಕ್ಕದಲ್ಲಿ ಹಾಯ್ದಾಗ ತಿರುಗಿಯೂ ನೋಡಲಿಲ್ಲ. ಮನೆಯ ಹುಡುಗ, "ಅಜ್ಜಾರ, ಅದು ಎಲ್ಲಾದಕ್ಕೂ ಮೂಗು ಯಾಕ ಹಾಕತೈತಿ?" ಎಂದು ಕೇಳಿದ.

ತತ್ತ್ವಾರ್ಥಸೂತ್ರವನ್ನು ಸ್ವಾಧ್ಯಾಯ ಮಾಡಿದವರಿಗೆ ಉತ್ತರದ ಒಂದು ತುದಿ ಕೂಡಲೇ ಹೊಳೆಯಬೇಕು. ಮತಿಜ್ಞಾನಕ್ಕೆ ನಾಲ್ಕು ಮೆಟ್ಟಿಲು: ಅವಗ್ರಹ, ಈಹಾ, ಅವಾಯ, ಧಾರಣಾ. ಏನೋ ಇದೆ ಎಂಬ ಮೊದಲ ಗ್ರಹಣ ಅವಗ್ರಹ. ಅದು ಏನಿರಬಹುದು ಎಂದು ವಿಶೇಷವನ್ನು ತಿಳಿಯಲು ಮನಸ್ಸು ಮುಂದೊತ್ತುವುದು ಈಹಾ. ಇದು ಇಂಥದೇ ಎಂಬ ನಿರ್ಣಯ ಅವಾಯ. ಮರೆಯದೆ ಉಳಿಸಿಕೊಳ್ಳುವುದು ಧಾರಣಾ. ಬಾಗಿಲಲ್ಲಿ ನಿಂತದ್ದರಿಂದ ಮರುದಿನ ನಿರ್ಲಕ್ಷಿಸಿ ಹೋದದ್ದರವರೆಗೆ ಆ ಬೆಕ್ಕು ಈ ನಾಲ್ಕನ್ನೂ ನಮ್ಮ ಕಣ್ಣೆದುರಿಗೆ ನಡೆಸಿ ತೋರಿಸಿತು. ನಾವು ಕುತೂಹಲ ಎನ್ನುವುದು ಈ ಈಹೆಯನ್ನೇ. ಬೆಕ್ಕು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಅದಕ್ಕೆ ಮನಸ್ಸುಂಟು, ಮತಿಜ್ಞಾನವುಂಟು. ಅದರ ಕುತೂಹಲವನ್ನು ಚೇಷ್ಟೆಯೆಂದು ಬಗೆದು ಕೋಲೆತ್ತುವವರು ಒಂದು ಜೀವದ ಜ್ಞಾನಗುಣಕ್ಕೇ ಕೋಲೆತ್ತುತ್ತಿದ್ದಾರೆ.

ಇನ್ನೊಂದು ತುದಿಯನ್ನು ಪ್ರಾಣಿಶಾಸ್ತ್ರದವರು ಹೇಳುತ್ತಾರೆ. ಮನೆಯ ಬೆಕ್ಕಿನ ಮೂಲ ಉತ್ತರ ಆಫ್ರಿಕ, ಪಶ್ಚಿಮ ಏಶಿಯಗಳ ಕಾಡುಬೆಕ್ಕು. ಅದು ತೋಳದಂತೆ ಹಿಂಡಿನಲ್ಲಿ ಬೇಟೆಯಾಡುವುದಿಲ್ಲ, ಒಂಟಿ. ಅದರ ಆಹಾರವೂ ಸಣ್ಣದು. ಒಂದು ಇಲಿಯಿಂದ ದಿನ ಕಳೆಯದು, ಮತ್ತೆ ಮತ್ತೆ ಹುಡುಕಬೇಕು. ಆದ್ದರಿಂದ ತನ್ನ ಸೀಮೆಯ ಪ್ರತಿಯೊಂದು ಬಿಲ, ಸಂದು, ಅಡಗುದಾಣ ಅದಕ್ಕೆ ಗೊತ್ತಿರಬೇಕು. ತನಗಿಂತ ದೊಡ್ಡ ಪ್ರಾಣಿಗೆ ತಾನೇ ಆಹಾರವಾಗುವ ಭಯವೂ ಇರುವುದರಿಂದ, ಹೊಸದಾಗಿ ಬಂದ ವಸ್ತುವನ್ನು ಪರೀಕ್ಷಿಸದೆ ಬಿಡುವಂತಿಲ್ಲ. ಆಹಾರಸಂಜ್ಞೆ, ಭಯಸಂಜ್ಞೆ ಎರಡೂ ಅದರ ಈಹೆಯನ್ನು ಎಬ್ಬಿಸುತ್ತವೆ. ಮುಂದೆ ನಾಲ್ಕು, ಹಿಂದೆ ಎರಡು ಹೆಜ್ಜೆಯ ಗುಟ್ಟು ಇದೇ. ಇದಕ್ಕೆ ಒದಗಿದ ಇಂದ್ರಿಯಗಳೂ ಅಸಾಧಾರಣ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳಲ್ಲಿ ನಿಂತರೆ ಬೆಕ್ಕಿನದು 60,000ವನ್ನು ಮೀರುತ್ತದೆ. ನಮಗೆ ಕೇಳದ ಇಲಿಮರಿಯ ಕೂಗು ಅದಕ್ಕೆ ಕೇಳುತ್ತದೆ. ಮೀಸೆಯ ಬುಡದಲ್ಲಿನ ನರಗಳಿಂದ ಕತ್ತಲೆಯಲ್ಲಿಯೂ ಸಂದಿಯ ಅಗಲವನ್ನು ತಿಳಿಯುತ್ತದೆ. ಬುಟ್ಟಿಗೆ ಕೆನ್ನೆ ಉಜ್ಜಿದ್ದು ಪ್ರೀತಿಯಿಂದಲ್ಲ, ತನ್ನ ವಾಸನೆಯ ಗುರುತು ಹಾಕಲು. ಹುಡುಗನಿಗೆ ಇದನ್ನೆಲ್ಲ ಹೇಳಿದಾಗ ಅವನಿಗೆ ರುಚಿಸಿದ್ದು ಮೀಸೆಯ ಮಾತೊಂದೇ.

ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲಿಯೇ ಹೂಳಿದ ಬೆಕ್ಕೊಂದರ ಅಸ್ಥಿ ದೊರೆತುದು 2004ರಲ್ಲಿ ಪ್ರಕಟವಾಯಿತು. ಮನುಷ್ಯನು ಬೆಕ್ಕನ್ನು ಹಿಡಿದು ಪಳಗಿಸಿದ್ದಕ್ಕಿಂತ, ಧಾನ್ಯ ಕೂಡಿಟ್ಟಲ್ಲಿಗೆ ಇಲಿ ಬಂದು, ಇಲಿಯನ್ನರಸಿ ಬೆಕ್ಕೇ ಬಂದಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ನಮ್ಮ ಹಿರಿಯರ "ತಾನಽ ಬಂದು ಸೇರಿಕೊಂಡೈತಿ" ಎಂಬ ಮಾತು ಇತಿಹಾಸಕ್ಕೆ ಹೀಗೆ ಹತ್ತಿರವಾಗಿದೆ!

ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ. ಬಂದ ಬೆಕ್ಕಿಗೆ ನಾವು ಹಾಲು ಅನ್ನ ಇಡುತ್ತೇವೆ, ಅಹಿಂಸಾಧರ್ಮ ಪಾಲಿಸಿದೆವೆಂದು ತೃಪ್ತಿಪಡುತ್ತೇವೆ. ಬೆಕ್ಕಿನ ಶರೀರ ಹಾಗೆ ರಚಿತವಾಗಿಲ್ಲ. ಅದರ ಕಣ್ಣಿಗೆ, ಹೃದಯಕ್ಕೆ ಟಾರಿನ್ ಎಂಬ ಅಂಶ ಆಹಾರದಲ್ಲಿಯೇ ದೊರೆಯಬೇಕು. ಅದು ಸಹಜವಾಗಿ ಇರುವುದು ಪ್ರಾಣಿಮೂಲದಲ್ಲಿ. ಇದರ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುವುದನ್ನು ಅಮೆರಿಕದ ಪಶುವೈದ್ಯರು 1987ರಲ್ಲಿ ತೋರಿಸಿದರು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದೂ ಇಲ್ಲ. ಹಾಲನ್ನದ ಬೆಕ್ಕು ಬದುಕಿದೆಯೆಂದರೆ ಉಳಿದುದನ್ನು ಅದು ಹಿತ್ತಲಿನಲ್ಲಿ ಹಲ್ಲಿ, ಇಲಿ, ಗುಬ್ಬಿಗಳಿಂದ ತುಂಬಿಸಿಕೊಳ್ಳುತ್ತಿದೆ ಎಂದರ್ಥ. ಹಾಗೆಂದು ಕಟ್ಟಿಹಾಕಿದರೆ ಬಂಧ, ಆಹಾರ ತಡೆದರೆ ಅನ್ನಪಾನನಿರೋಧ. ಎರಡೂ ಅಹಿಂಸಾಣುವ್ರತದ ಅತಿಚಾರಗಳು.

ಇಲ್ಲಿ ನನಗೆ ನೆನಪಾಗುವುದು ಶಿಗ್ಗಾಂವಿ ತಾಲೂಕಿನ ಬಂಕಾಪುರ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಶಕ 820ರಲ್ಲಿ, ಅಂದರೆ ಕ್ರಿ.ಶ. 898ರ ಸುಮಾರಿಗೆ, ಪೂಜೆ ಸಂದದ್ದು ಲೋಕಾದಿತ್ಯನ ಆ ಊರಿನಲ್ಲಿ ಎಂದು ಅದರ ಪ್ರಶಸ್ತಿ ಹೇಳುತ್ತದೆ. ಮಹಾವೀರ ಸ್ವಾಮಿಯ ಜೀವವು ಹಿಂದೊಂದು ಭವದಲ್ಲಿ ಸಿಂಹವಾಗಿದ್ದು, ಚಾರಣಮುನಿಗಳ ಉಪದೇಶ ಕೇಳಿ ಮಾಂಸ ತೊರೆದ ಪ್ರಸಂಗ ಆ ಪುರಾಣದಲ್ಲಿದೆ. ಸಿಂಹವೂ ಬೆಕ್ಕಿನ ಕುಲದ್ದೇ. ಆದರೆ ಆ ವ್ರತ ಸಿಂಹವು ತಾನಾಗಿ ಹಿಡಿದದ್ದು; ಪ್ರಾಣವನ್ನೇ ಪಣವಾಗಿಟ್ಟದ್ದೂ ತಾನೇ. ಮನೆಯ ಬೆಕ್ಕಿನ ಮೇಲೆ ನಮ್ಮ ವ್ರತವನ್ನು ಹೊರಿಸಿ ಅದರ ಕಣ್ಣು ಕಳೆಯುವ ಅಧಿಕಾರ ನಮಗಿಲ್ಲ. ಕೃತಕವಾಗಿ ತಯಾರಿಸಿದ ಟಾರಿನ್ ಬೆರೆಸಿದ ಸಸ್ಯಾಹಾರಗಳು ಈಗ ದೊರೆಯುತ್ತವೆ. ಅವುಗಳ ಬಗೆಗೆ ಪಶುವೈದ್ಯರಲ್ಲಿ ಒಮ್ಮತವಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿಯೇ ಒಂದು ಉಪಾಯವೂ ಅಡಗಿದೆ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ದಿನಕ್ಕೆ 5ರಿಂದ 10 ನಿಮಿಷ ದಾರ, ಗರಿಗಳಿಂದ ಆಡಿಸಿದ ಬೆಕ್ಕುಗಳು ಮನೆಗೆ ತಂದ ಬೇಟೆ ಶೇಕಡಾ 25ರಷ್ಟು ಕಡಿಮೆಯಾಯಿತು. ಈಹೆಗೆ ಬೇರೊಂದು ವಿಷಯ ದೊರೆತರೆ ಹಿಂಸೆ ಅಷ್ಟು ತಗ್ಗುತ್ತದೆ. ಕೊರಳಿಗೆ ಗಂಟೆ ಕಟ್ಟಿದ್ದರಿಂದ ಮಾತ್ರ ಆ ಅಧ್ಯಯನದಲ್ಲಿ ಫಲ ಕಾಣಲಿಲ್ಲ.

ಬಸದಿಯ ಟ್ರಸ್ಟಿನವರು ಕೊನೆಗೆ ಬೆಕ್ಕು ತರಲಿಲ್ಲ. ಉಗ್ರಾಣದ ಬಿಲಗಳಿಗೆ ಸಿಮೆಂಟು ಮೆತ್ತಿಸಿ, ಬಾಗಿಲ ಅಡಿಗೆ ತಗಡು ಹೊಡೆಸಿ, ಚೀಲಗಳನ್ನು ನೆಲದಿಂದ ಎರಡಡಿ ಎತ್ತರದ ಹಲಗೆಗಳ ಮೇಲೇರಿಸಿದರು. ಇಲಿಗಳು ಬಹುಮಟ್ಟಿಗೆ ಹೋದವು. ತಗಡಿನ ಬಾಗಿಲನ್ನು ಪರೀಕ್ಷಿಸಲು ಬಂದ ಒಂದು ಕಂದುಬೆಕ್ಕು ಮಾತ್ರ ಮೂರು ಮರಿ ಹಾಕಿ ಅಂಗಳದಲ್ಲಿಯೇ ಉಳಿದಿದೆ. ಮರಿಗಳ ಆಹಾರಕ್ಕೂ ಸಂತಾನಹರಣ ಚಿಕಿತ್ಸೆಗೂ ಆಗುವ ವೆಚ್ಚವನ್ನು ಜೀವದಯೆಯ ಬಾಬಿನಲ್ಲಿ ಬರೆಯಬೇಕೆ, ಉಗ್ರಾಣದ ಬಾಬಿನಲ್ಲಿ ಬರೆಯಬೇಕೆ ಎಂದು ಲೆಕ್ಕ ಬರೆಯುವವರು ಮುಂದಿನ ಸಭೆಗೆ ಪ್ರಶ್ನೆ ಇಟ್ಟಿದ್ದಾರೆ.